ವಿಶ್ವವಿದ್ಯಾಲಯದ ಶಿಬಿರಕ್ಕೆ ಹೈಸ್ಕೂಲಿನಿಂದಲೇ ಹೋಗಬೇಕೆ?



ನೀವು ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ಒಂದು ಪ್ರೌಢಶಾಲೆಯಲ್ಲಿ ಓದುತ್ತಿದ್ದೀರಿ ಎಂದುಕೊಳ್ಳಿ. ರಜೆಗೆ ಸ್ವಲ್ಪ ಮುಂಚೆ ನಿಮ್ಮ ವಿಜ್ಞಾನದ ಮೇಷ್ಟ್ರು ಒಂದು ಅರ್ಜಿ ತಂದು, 'ಇದನ್ನು ತುಂಬು, ಆಯ್ಕೆಯಾದರೆ ಎರಡು ವಾರ ದೊಡ್ಡ ಸಂಸ್ಥೆಯಲ್ಲಿ ಇದ್ದು ಕಲಿಯಬಹುದು' ಎನ್ನುತ್ತಾರೆ. ನಿಮಗೆ ಆಸೆಯಾಗುತ್ತದೆ. ಮನೆಗೆ ಬಂದು ಹೇಳಿದರೆ ಅಪ್ಪ ಒಂದೇ ಮಾತು ಕೇಳುತ್ತಾರೆ: 'ಅದರಿಂದ ಮಾರ್ಕ್ಸ್ ಬರ್ತಾವೇನು?' ಅವ್ವನ ಪ್ರಶ್ನೆ ಬೇರೆ: 'ಅಷ್ಟು ದೂರ ಒಬ್ಬಳನ್ನೇ ಹೆಂಗ್ ಕಳಸೋದು?'

ಈ ಎರಡೂ ಪ್ರಶ್ನೆಗಳು ನ್ಯಾಯವಾದವೇ. ಅವುಗಳಿಗೆ ನೇರವಾದ ಉತ್ತರ ಬೇಕು. 'ಪ್ರತಿಭೆಗೆ ಅವಕಾಶ', 'ಉಜ್ವಲ ಭವಿಷ್ಯ' ಎಂಬ ಭಾಷಣದ ಮಾತುಗಳಿಂದ ಉತ್ತರ ಸಿಗುವುದಿಲ್ಲ. ಆದ್ದರಿಂದ ಇಂಥ ಯೋಜನೆಗಳು ಏನು, ಅವುಗಳಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಯಾವಾಗ, ಹೇಗೆ ಆರಂಭವಾಯಿತು?

ಶಾಲೆಯ ಹುಡುಗರನ್ನು ವಿದ್ವಾಂಸರ ಹತ್ತಿರ ಕರೆತರುವ ಯೋಚನೆ ಹೊಸದಲ್ಲ. ಅಮೆರಿಕದಲ್ಲಿ ಗಣಿತಜ್ಞ ಆರ್ನಾಲ್ಡ್ ರಾಸ್ 1957ರಲ್ಲಿಯೇ ಹೈಸ್ಕೂಲಿನವರಿಗಾಗಿ ಬೇಸಿಗೆ ಗಣಿತ ಶಿಬಿರ ಆರಂಭಿಸಿದರು. ಸರಳವಾದ ಸಂಗತಿಗಳನ್ನೇ ಆಳವಾಗಿ ಯೋಚಿಸಬೇಕು ಎಂಬುದು ಅದರ ಧ್ಯೇಯ. ಅಲ್ಲಿ ಮಕ್ಕಳು ಪೂರ್ಣಾಂಕಗಳ ಬಗ್ಗೆ ದಿನವೂ ಲೆಕ್ಕಗಳನ್ನು ಬಿಡಿಸುತ್ತ, ತಾವೇ ನಿಯಮಗಳನ್ನು ಕಂಡುಕೊಳ್ಳುತ್ತಾರೆ. ರಷ್ಯಾದಲ್ಲಿ ಪ್ರಸಿದ್ಧ ಗಣಿತಜ್ಞ ಕೊಲ್ಮೊಗೊರೊವ್ 1963ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯಕ್ಕೆ ಸೇರಿದಂತೆ ಒಂದು ವಸತಿ ಶಾಲೆ ತೆರೆಯಲು ಕಾರಣರಾದರು. ದೂರದ ಊರುಗಳ ಜಾಣ ಮಕ್ಕಳು ಅಲ್ಲಿಗೆ ಬಂದು ಓದಿದರು.

ನಮ್ಮ ದೇಶದಲ್ಲಿಯೂ ಅದೇ 1963ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಭಾನ್ವೇಷಣೆ ದೆಹಲಿಯಲ್ಲಿ ಮೊದಲಾಯಿತು. ಮರುವರ್ಷ ಅದು ದೇಶಕ್ಕೆಲ್ಲ ವಿಸ್ತರಿಸಿ, ಮುಂದೆ ಎನ್.ಟಿ.ಎಸ್.ಇ. ಎಂದು ಹೆಸರಾಯಿತು. 1999ರಲ್ಲಿ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ, ಅಂದರೆ ಕೆ.ವಿ.ಪಿ.ವೈ. ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಅದರ ನಿರ್ವಹಣೆ ನೋಡಿಕೊಂಡಿತು. ಪಿ.ಯು.ಸಿ. ಮತ್ತು ಬಿ.ಎಸ್ಸಿ. ಮೊದಲ ವರ್ಷದವರು ಅದರ ಪರೀಕ್ಷೆ ಬರೆಯಬಹುದಾಗಿತ್ತು. ಆಯ್ಕೆಯಾಗಿ ಮೂಲವಿಜ್ಞಾನ ಓದಿದವರಿಗೆ ಪದವಿಯಲ್ಲಿ ತಿಂಗಳಿಗೆ 5,000 ರೂಪಾಯಿ, ಸ್ನಾತಕೋತ್ತರದಲ್ಲಿ 7,000 ರೂಪಾಯಿ ದೊರೆಯುತ್ತಿತ್ತು. 

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಎನ್.ಟಿ.ಎಸ್.ಇ.ಯನ್ನು 2021ರ ನಂತರ ತಡೆಹಿಡಿಯಲಾಯಿತು. ಕೆ.ವಿ.ಪಿ.ವೈ. 2022ರಲ್ಲಿ ಪ್ರತ್ಯೇಕ ಯೋಜನೆಯಾಗಿ ನಿಂತುಹೋಗಿ, ಕೇಂದ್ರದ 'ಇನ್‌ಸ್ಪೈರ್' ಯೋಜನೆಯಲ್ಲಿ ಸೇರಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನಂಬಿ ಈ ಪರೀಕ್ಷೆಗಳಿಗಾಗಿ ಹಣ ಕಟ್ಟಬೇಡಿ.

ಹಾಗಾದರೆ ಉಳಿದಿರುವುದೇನು? 2008ರಲ್ಲಿ ಆರಂಭವಾದ ಇನ್‌ಸ್ಪೈರ್ ಅಡಿಯಲ್ಲಿ, ಹತ್ತನೆಯ ತರಗತಿಯಲ್ಲಿ ಮೇಲಿನ ಶೇಕಡಾ 1ರಷ್ಟು ಸ್ಥಾನದಲ್ಲಿ ಬಂದು ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಐದು ದಿನಗಳ ಶಿಬಿರಗಳು ನಡೆಯುತ್ತ ಬಂದಿವೆ. ಇಸ್ರೋ ಸಂಸ್ಥೆ 2019ರಲ್ಲಿ 'ಯುವಿಕಾ' ಆರಂಭಿಸಿತು. ಅದು ಒಂಬತ್ತನೆಯ ತರಗತಿಯವರಿಗೆ. ಸುಮಾರು ಎರಡು ವಾರ ಬಾಹ್ಯಾಕಾಶ ಕೇಂದ್ರಗಳಲ್ಲಿ ವಾಸ ಮತ್ತು ಕಲಿಕೆ. ಪ್ರಯಾಣ, ಊಟ, ವಸತಿಯ ವೆಚ್ಚ ಸಂಸ್ಥೆಯದೇ. ಹಳ್ಳಿಯ ಶಾಲೆಯಲ್ಲಿ ಓದುವವರಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕಗಳೂ ಉಂಟು.

ಏನು ಸಿಗುವುದಿಲ್ಲ?

ಮೊದಲು ಅಪ್ಪನ ಪ್ರಶ್ನೆ. ಇಲ್ಲ, ಅದರಿಂದ ಮಾರ್ಕ್ಸ್ ಬರುವುದಿಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಪಿ.ಯು.ಸಿ.ಯ ಅಂಕ ಅರ್ಧ, ಸಿ.ಇ.ಟಿ.ಯ ಅಂಕ ಅರ್ಧ. ಶಿಬಿರದ ಪ್ರಮಾಣಪತ್ರಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ. ಇದನ್ನು ಮನೆಯಲ್ಲಿ ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು. ಸೀಟಿನ ಆಸೆ ತೋರಿಸಿ ಯಾರಾದರೂ ಹಣ ಕೇಳಿದರೆ ಸಂಶಯಪಡಿ.

ಹಣ ಕೇಳುವ ಶಿಬಿರಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಆವರಣದಲ್ಲಿ ಸಾವಿರಾರು ಡಾಲರ್ ಶುಲ್ಕದ ಬೇಸಿಗೆ ತರಗತಿಗಳು ನಡೆಯುತ್ತವೆ. ಅವುಗಳಲ್ಲಿ ಕೆಲವನ್ನು ನಡೆಸುವುದು ವಿಶ್ವವಿದ್ಯಾಲಯವೇ ಅಲ್ಲ. ಖಾಸಗಿ ಕಂಪನಿಯೊಂದು ರಜೆಯಲ್ಲಿ ಕಟ್ಟಡ ಬಾಡಿಗೆಗೆ ಹಿಡಿದಿರುತ್ತದೆ. ಆದರೆ ಅದೇ ದೇಶದಲ್ಲಿ ಎಂ.ಐ.ಟಿ.ಯಲ್ಲಿ ನಡೆಯುವ, 1984ರಲ್ಲಿ ಆರಂಭವಾದ ಸಂಶೋಧನಾ ವಿಜ್ಞಾನ ಶಿಬಿರಕ್ಕೆ ಆಯ್ಕೆಯಾದವರು ಬೋಧನೆಗಾಗಲಿ ಊಟ-ವಸತಿಗಾಗಲಿ ಹಣ ಕೊಡಬೇಕಿಲ್ಲ. ಯಾರಿಗೆ ವಿದ್ಯಾರ್ಥಿ ಬೇಕು, ಯಾರಿಗೆ ಶುಲ್ಕ ಬೇಕು ಎಂಬುದು ಇದರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಏನು ಸಿಗುತ್ತದೆ?

ಹಾಗಾದರೆ ಹೋಗುವುದಾದರೂ ಏಕೆ? ಶಾಲೆಯಲ್ಲಿ ನಿಮಗೆ ಕೇಳುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ಮೊದಲೇ ಸಿದ್ಧವಾಗಿರುತ್ತದೆ, ಪುಸ್ತಕದ ಕೊನೆಯ ಪುಟದಲ್ಲಿಯೋ ಮೇಷ್ಟ್ರ ಬಳಿಯಲ್ಲಿಯೋ. ಉತ್ತರವೇ ಇನ್ನೂ ಸಿಗದ ಪ್ರಶ್ನೆಯೊಂದನ್ನು ಹಿಡಿದು ವರ್ಷಗಟ್ಟಲೆ ಕೂತ ಮನುಷ್ಯನನ್ನು ನೀವು ಶಾಲೆಯಲ್ಲಿ ಕಾಣುವುದಿಲ್ಲ. ಸಂಶೋಧನಾ ಸಂಸ್ಥೆಯಲ್ಲಿ ಕಾಣುತ್ತೀರಿ. 'ಇದು ನನಗೂ ಗೊತ್ತಿಲ್ಲ, ಮಾಡಿ ನೋಡೋಣ' ಎಂದು ಪ್ರೊಫೆಸರ್ ಒಬ್ಬರು ಸಂಕೋಚವಿಲ್ಲದೆ ಹೇಳುವುದನ್ನು ಕೇಳುತ್ತೀರಿ. ದೂರದರ್ಶನದ ಮಾತುಕತೆಗೆ ಬರುವ ವಿದ್ಯಾರ್ಥಿಗಳನ್ನು ನಾನು ಈ ಬಗ್ಗೆ ಕೇಳುವುದುಂಟು. ಶಿಬಿರದಲ್ಲಿ ಕೇಳಿದ ಉಪನ್ಯಾಸ ಅವರಿಗೆ ಬಹುಬೇಗ ಮರೆತಿರುತ್ತದೆ. ತಮ್ಮ ಕೈಯಿಂದಲೇ ಮಾಡಿ, ಎರಡು ಸಲ ಕೆಟ್ಟು, ಮೂರನೆಯ ಸಲ ಸರಿಹೋದ ಪ್ರಯೋಗ ಮರೆತಿರುವುದಿಲ್ಲ.

ಎರಡನೆಯ ಲಾಭ ಜೊತೆಗಾರರು. ತರಗತಿಯಲ್ಲಿ ಮೊದಲನೆಯವರಾದ ನಿಮಗೆ, ಅಲ್ಲಿ ನಿಮಗಿಂತ ಮುಂದಿರುವವರು ಸಿಗುತ್ತಾರೆ. ಮೊದಲ ಎರಡು ದಿನ ಮುಖ ಬಾಡುವುದು ಸಹಜ. ಆಮೇಲೆ ಅವರೇ ಸ್ನೇಹಿತರಾಗುತ್ತಾರೆ. ವೈದ್ಯ, ಎಂಜಿನಿಯರ್ ಎಂಬ ಎರಡೇ ದಾರಿಗಳ ಆಚೆ ಮೂರನೆಯ ದಾರಿಯೂ ಇದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಅಡ್ಡಿಗಳು ಯಾವುವು?

ಮೊದಲನೆಯ ಅಡ್ಡಿ ಭಾಷೆ. ಕೆ.ವಿ.ಪಿ.ವೈ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಹುಡುಗಿಗೆ 'ವೇಗೋತ್ಕರ್ಷ' ಚೆನ್ನಾಗಿ ಗೊತ್ತು. 'ಆಕ್ಸಿಲರೇಷನ್' ಎಂದಾಗ ಒಂದು ಕ್ಷಣ ತಡವರಿಸುತ್ತಾಳೆ. ಆ ಕ್ಷಣವನ್ನು ಪರೀಕ್ಷೆ ದಡ್ಡತನ ಎಂದು ಎಣಿಸಿಬಿಡುತ್ತದೆ. ಇದು ಯೋಜನೆಯ ಕೊರತೆ, ಹುಡುಗಿಯದಲ್ಲ. ಆದರೆ ನೀವು ಕಾಯುತ್ತ ಕೂರಬೇಡಿ. ಎಂಟನೆಯ ತರಗತಿಯಿಂದಲೇ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವರ್ಷದಲ್ಲಿ ಈ ಅಡ್ಡಿ ಬಹುಪಾಲು ಕರಗುತ್ತದೆ.

ಎರಡನೆಯದು ಸುದ್ದಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಸುತ್ತೋಲೆ ಮೇಲಿನ ಕಚೇರಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ನಿಮಗೆ ಬರಬೇಕು. ನಡುವೆ ಎಲ್ಲಿಯಾದರೂ ತಡೆದರೆ ಕೊನೆಯ ದಿನಾಂಕ ದಾಟಿರುತ್ತದೆ. ಬೆಂಗಳೂರಿನ ಹುಡುಗನಿಗೆ ಪಕ್ಕದ ಮನೆಯವರಿಂದ ತಿಳಿಯುವ ಸಂಗತಿ, ಐದುನೂರು ಕಿಲೋಮೀಟರ್ ಆಚೆಯ ನಿಮಗೆ ತಿಳಿಯದೆ ಹೋಗುತ್ತದೆ. ಹೀಗೆ ಅರ್ಜಿಯನ್ನೇ ಹಾಕದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಮೂರನೆಯದು ಅವ್ವನ ಪ್ರಶ್ನೆ. ಇದಕ್ಕೆ ಧೈರ್ಯದ ಮಾತು ಸಾಲದು, ಮಾಹಿತಿ ಬೇಕು. ಹುಡುಗಿಯರಿಗೆ ಪ್ರತ್ಯೇಕ ವಸತಿ ಇದೆಯೇ? ಮೇಲ್ವಿಚಾರಕಿ ಇದ್ದಾರೆಯೇ? ಜೊತೆಗೆ ಶಿಕ್ಷಕಿ ಅಥವಾ ಪಾಲಕರು ಬರಬಹುದೇ? ಅವರ ಪ್ರಯಾಣದ ಖರ್ಚು ಯಾರದು? ಮನೆಗೆ ಫೋನ್ ಮಾಡಬಹುದೇ? ಇವನ್ನು ಮುಖ್ಯೋಪಾಧ್ಯಾಯರ ಮೂಲಕ ಮೊದಲೇ ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ನಾಲ್ಕನೆಯ ಅಡ್ಡಿ ನಾವೇ ಮಾಡಿಕೊಂಡದ್ದು. ಕುತೂಹಲವನ್ನು ಹುಡುಕಲು ಹುಟ್ಟಿದ ಕೆ.ವಿ.ಪಿ.ವೈ. ಪರೀಕ್ಷೆಗೂ ಕೋಚಿಂಗ್ ತರಗತಿಗಳು ಹುಟ್ಟಿಕೊಂಡವು. ಆಯ್ಕೆಯಾಗದಿದ್ದರೆ 'ನನ್ನಲ್ಲಿ ಪ್ರತಿಭೆ ಇಲ್ಲ' ಎಂದು ಹದಿನಾರನೆಯ ವಯಸ್ಸಿನಲ್ಲಿಯೇ ತೀರ್ಮಾನಿಸಿಕೊಳ್ಳುವವರಿದ್ದಾರೆ. ಮೂರು ಗಂಟೆಯ ಪರೀಕ್ಷೆಗೆ ಅಷ್ಟು ದೊಡ್ಡ ತೀರ್ಪು ಕೊಡುವ ಅಧಿಕಾರವಿಲ್ಲ.

ಊರಿನಲ್ಲೇ ಇರುವ ಪ್ರಯೋಗಶಾಲೆ

ಶಿಬಿರಕ್ಕೆ ಹೋಗುವ ಮುನ್ನ, ಅಥವಾ ಹೋಗಲಾಗದೆ ಇದ್ದಾಗ, ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮೂರು ತಾಲ್ಲೂಕುಗಳನ್ನು ಒಂದೇ ನೀರು ಹೊಲಿಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ಘಟಪ್ರಭೆ ಧೂಪದಾಳಕ್ಕೆ ಬರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆಯಲ್ಲಿ ಒಂದು ಪಾಲು ಮೂಡಲಗಿ ಕಡೆಯ ಕಬ್ಬಿಗೆ ಹೋಗುತ್ತದೆ. ಇನ್ನೊಂದು ಪಾಲು ನದಿಯಲ್ಲಿಯೇ ಮುಂದುವರಿದು ಗೋಕಾಕದ ಜಲಪಾತದಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಬೀಳುತ್ತದೆ. 

ಈಗ ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಘನ ಮೀಟರ್ ನೀರು, ಅಂದರೆ 1,000 ಕಿಲೋಗ್ರಾಂ ಬಿದ್ದರೆ, ಅದನ್ನು 9.8ರಿಂದಲೂ 52ರಿಂದಲೂ ಗುಣಿಸಿದಾಗ ಸುಮಾರು 5,10,000 ಜೌಲ್. ಎಂದರೆ 510 ಕಿಲೋವ್ಯಾಟ್ ಸಾಮರ್ಥ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿಯೊಂದು ಈ ಜಲಪಾತದ ಪಕ್ಕದಲ್ಲೇ ಏಕೆ ಎದ್ದಿತು ಎಂಬುದಕ್ಕೆ ಉತ್ತರ ಈ ಗುಣಾಕಾರದಲ್ಲಿದೆ. ಮುಂದಿನ ಪ್ರಶ್ನೆ ನಿಮ್ಮದು: ಯಾವ ತಿಂಗಳಲ್ಲಿ ಎಷ್ಟು ನೀರು ಬೀಳುತ್ತದೆ? ಬೇಸಿಗೆಯಲ್ಲಿ ಗಿರಣಿ ಏನು ಮಾಡಿರಬೇಕು?

ಬೆಲ್ಲದ ಗಾಣಕ್ಕೂ ಹೋಗಿ. ಕುದಿಯುವ ಹಾಲಿಗೆ ಸುಣ್ಣ ಏಕೆ ಹಾಕುತ್ತಾರೆ? ಕಬ್ಬಿನ ರಸ ಸ್ವಲ್ಪ ಆಮ್ಲೀಯ. ಆಮ್ಲದಲ್ಲಿ ಕಾಯಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಆಗ ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಸುಣ್ಣ ಆ ಆಮ್ಲವನ್ನು ತಗ್ಗಿಸುತ್ತದೆ. ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ಅದಕ್ಕೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ. ಶಾಲೆಯ ಲಿಟ್ಮಸ್ ಮತ್ತು ಪಿ.ಎಚ್. ಕಾಗದ ಹಿಡಿದು, ಗಾಣದವರ ಅನುಮತಿ ಪಡೆದು, ಹಿರಿಯರೊಬ್ಬರ ಜೊತೆಯಲ್ಲಿ ಅಳೆದು ನೋಡಿ. ಎಷ್ಟು ಸುಣ್ಣಕ್ಕೆ ಎಂಥ ಬೆಲ್ಲ ಎಂದು ಹತ್ತು ದಿನ ಬರೆದಿಟ್ಟರೆ ಅದೇ ಒಂದು ಪುಟ್ಟ ಸಂಶೋಧನೆ. ಸಂದೇಹ ಬಂದರೆ ಮೂಡಲಗಿ ತಾಲ್ಲೂಕಿನ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಮೇಷ್ಟ್ರ ಕೈಲಿ ಒಂದು ಪತ್ರ ಬರೆಸಿ ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಇದರಿಂದ ಶಿಬಿರ ಬೇಡವೆಂದಾಗುವುದಿಲ್ಲ. ಉಪಕರಣಗಳು, ಗ್ರಂಥಾಲಯ, ತಿದ್ದುವ ಕಣ್ಣು ಸಂಸ್ಥೆಯಲ್ಲಿಯೇ ಸಿಗಬೇಕು. ಆದರೆ ಕೈಯಲ್ಲಿ ಒಂದು ಪ್ರಶ್ನೆ ಹಿಡಿದು ಹೋದವರಿಗೆ ಅಲ್ಲಿ ಸಿಗುವುದು, ಬರಿಗೈಯಲ್ಲಿ ಹೋದವರಿಗೆ ಸಿಗುವುದಿಲ್ಲ.

ಕಾಲೇಜಿನಲ್ಲಿರುವವರಿಗೆ

ಹೈಸ್ಕೂಲಿನಲ್ಲಿ ಅವಕಾಶ ತಪ್ಪಿತೆಂದು ಕೊರಗಬೇಡಿ. ಬಿ.ಎಸ್ಸಿ. ಸೇರಿದವರಿಗೆ ಬಾಗಿಲುಗಳು ಇನ್ನೂ ಹೆಚ್ಚು. ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಸಂಶೋಧನಾ ಫೆಲೋಷಿಪ್ ಇದೆ. ಗಣಿತದವರಿಗೆ 1993ರಿಂದ ಎಂ.ಟಿ.ಟಿ.ಎಸ್. ಶಿಬಿರವಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಸತತ ಮೂರು ಬೇಸಿಗೆ ಬಂದು ರಸಾಯನಶಾಸ್ತ್ರದ ಕೆಲಸ ಮಾಡುವ ಯೋಜನೆಯನ್ನು ರೂಪಿಸಿತು. ಒಂದು ಸಲ ಕರೆದು ಕಳಿಸಿಬಿಡದೆ ಮತ್ತೆ ಮತ್ತೆ ಕರೆಯುವುದೇ ಅದರ ಗುಣ. ಎಂಟನೆಯ ತರಗತಿಯಲ್ಲಿರುವ ತಮ್ಮ ತಂಗಿಯರಿಗೆ ಎನ್.ಎಂ.ಎಂ.ಎಸ್. ಪರೀಕ್ಷೆಯ ವಿಷಯ ಹೇಳಿ. ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗೆ ಒಂಬತ್ತರಿಂದ ಪಿ.ಯು.ಸಿ. ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಅದರಿಂದ ದೊರೆಯುತ್ತದೆ. ಓದು ನಿಲ್ಲಿಸದಿರಲು ಎಷ್ಟೋ ಮನೆಗಳಲ್ಲಿ ಆ ಹಣವೇ ಆಧಾರ.

ಅರ್ಜಿ ಹಾಕುವ ಮುನ್ನ

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹಣ ನಾವು ಕೊಡಬೇಕೆ, ಅವರು ಭರಿಸುತ್ತಾರೆಯೇ? ಅಲ್ಲಿ ಕೇಳುವುದಷ್ಟೇ ಇದೆಯೇ, ಕೈಯಿಂದ ಮಾಡುವ ಕೆಲಸವೂ ಇದೆಯೇ? ಕಲಿಸುವವರು ಆ ಸಂಸ್ಥೆಯವರೇ, ಬಾಡಿಗೆಗೆ ಬಂದವರೇ? ಊರಿಗೆ ಮರಳಿದ ಮೇಲೆ ಪತ್ರ ಬರೆದರೆ ಉತ್ತರಿಸುವವರು ಇದ್ದಾರೆಯೇ? ಮೂರಕ್ಕೆ ಒಳ್ಳೆಯ ಉತ್ತರ ಸಿಕ್ಕರೂ ಧಾರಾಳವಾಗಿ ಹೋಗಿ. ಒಂದಕ್ಕೂ ಸಿಗದಿದ್ದರೆ ರಜೆಯನ್ನು ಗಾಣದ ಹತ್ತಿರ ಕಳೆಯುವುದೇ ಲೇಸು.

ಹೋಗಿ ಬಂದವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಶಾಲೆ ತೆರೆದ ಮೊದಲ ವಾರದಲ್ಲಿ ಮೇಷ್ಟ್ರ ಅನುಮತಿ ಪಡೆದು, ನಿಮ್ಮ ತರಗತಿಯವರಿಗೂ ಕೆಳಗಿನ ತರಗತಿಯವರಿಗೂ ಕಂಡದ್ದನ್ನು ಕನ್ನಡದಲ್ಲಿ ಹೇಳಿ. ಅರ್ಜಿ ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಹಾಕಬೇಕು ಎಂಬುದನ್ನು ಶಾಲೆಯ ಫಲಕದ ಮೇಲೆ ಬರೆದು ಹಾಕಿ. ಮುಂದಿನ ವರ್ಷ ನಿಮ್ಮ ಶಾಲೆಯಿಂದ ಒಂದರ ಬದಲು ಐದು ಅರ್ಜಿ ಹೋದರೆ, ನಿಮ್ಮ ಆ ಎರಡು ವಾರ ಸಾರ್ಥಕವಾಯಿತೆಂದು ಮನೆಯವರಿಗೂ ಹೇಳಬಹುದು.