ಮೊಳಕೆ ರಾಗಿ, ಒಂದು ಸುತ್ತು ಬಜೆ

ಕೂಸಿಗೆ ಆರು ತಿಂಗಳು ತುಂಬುತ್ತಿದೆ ಎನ್ನುವಾಗ ಕೊಳ್ಳೇಗಾಲ ತಾಲ್ಲೂಕಿನ ಧನಗೆರೆ ಕಡೆಯ ಮನೆಗಳಲ್ಲಿ ರಾಗಿ ನೆನೆಹಾಕುತ್ತಾರೆ. ಕಲ್ಲು ಆರಿಸಿ, ನಾಲ್ಕೈದು ನೀರಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಒಣಗಿಸಿ, ಹದವಾಗಿ ಹುರಿದು, ಬೀಸಿ, ಪಾತ್ರೆಯ ಬಾಯಿಗೆ ತೆಳು ಪಂಚೆ ಬಿಗಿದು ಹಿಟ್ಟಿನ ಮೇಲೆ ಕೈಯಾಡಿಸುತ್ತಾರೆ. ಬಟ್ಟೆಯಿಂದ ಕೆಳಗಿಳಿದ ನುಣುಪೇ ಕೂಸಿನ ಗಂಜಿಯಾದ ‘ಸರಿ’ಯ ಹಿಟ್ಟು.

ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಬೆಳೆ. ಮಳೆ ನೆಚ್ಚಿದ ನಮ್ಮ ಹೊಲಗಳಿಗೆ ಒಗ್ಗಿಕೊಂಡಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಆದರೆ ಕೂಸಿಗೆ ರಾಗಿಯನ್ನು ಒಗ್ಗಿಸಿದ್ದು ಮೊಳಕೆ. ಬರೀ ರಾಗಿ ಹಿಟ್ಟು ಕುದಿಸಿದರೆ ಅಂಟಂಟಾಗಿ ಗಟ್ಟಿಯಾಗುತ್ತದೆ. ತೆಳುವಾಗಲೆಂದು ನೀರು ಸುರಿದರೆ ಪುಟ್ಟ ಹೊಟ್ಟೆ ನೀರಲ್ಲೇ ತುಂಬಿಹೋಗುತ್ತದೆ. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಉಳಿಯುತ್ತದೆ. ಒಂದೇ ಬಟ್ಟಲಲ್ಲಿ ಹೆಚ್ಚು ಅನ್ನ. ಜೋರು ಉರಿಯಲ್ಲಿ ಹುರಿದರೆ ಆ ಗುಣ ಹೋಗುತ್ತದೆ. ಹದ ಎಂಬ ಮಾತಿನ ಬೆಲೆ ಅಲ್ಲಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಇಂಥದೇ ಶಿಶು ಆಹಾರದ ಸೂತ್ರವನ್ನು 1982ರಲ್ಲಿ ಪ್ರಕಟಿಸಿದರು. ಅಡುಗೆಮನೆಯ ಕೈ ಅರಿತಿದ್ದಕ್ಕೆ ಪ್ರಯೋಗಾಲಯ ಕಾರಣ ಹೇಳಿತು. ಇದು ನನಗೆ ಬಹಳ ಹೆಮ್ಮೆಯ ಸಂಗತಿ.

ಬಟ್ಟೆಯಲ್ಲಿ ಸೋಸುವುದರಿಂದ ನಷ್ಟವೂ ಇದೆ. ಸುಣ್ಣದಂಶ ಹೆಚ್ಚಿರುವುದು ಸಿಪ್ಪೆಯಲ್ಲೇ. ಕೂಸು ದೊಡ್ಡದಾದಂತೆ ಬಟ್ಟೆಯ ಬದಲು ಜರಡಿ ಹಿಡಿಯುವುದು ಒಳ್ಳೆಯದು.

ಸರಿಗಿಂತ ಮೊದಲೇ ಕೂಸಿನ ಬಾಯಿಗೆ ಬರುವುದು ಬಜೆ. ಬೇರನ್ನು ದೀಪದ ಉರಿಯಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ತಾಯಿಯ ಹಾಲಿನ ಹನಿ ಬಿಟ್ಟು ತೇಯುತ್ತಾರೆ. ಜಾಯಿಕಾಯಿ, ಅಳಲೆಕಾಯಿಗೂ ಅದೇ ಕಲ್ಲು. ಅಳತೆ ಚಮಚವಲ್ಲ, ಸುತ್ತು: ಒಂದು ಸುತ್ತು, ಎರಡು ಸುತ್ತು. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಗಡಿಯಾಚೆಯಾದ ಆ ತಮಿಳು ನಾಡಿನಲ್ಲಿ ಇದೇ ಬೇರಿಗೆ ವಸಂಬು ಎಂದು ಹೆಸರು. ‘ಪಿಳ್ಳೈ ವಳರ್ಪ್ಪಾನ್’, ಮಗು ಬೆಳೆಸುವವನು ಎಂದೂ ಕರೆಯುತ್ತಾರೆ. ಹೆಸರಿನಲ್ಲೇ ಎಷ್ಟು ನಂಬಿಕೆ!

ಆ ನಂಬಿಕೆಯನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕು. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಹಾನಿಕರ ಅಂಶವಿದೆ. ಇದರೊಡನೆ ನೆಕ್ಕಿಸುವ ಜೇನುತುಪ್ಪವನ್ನಂತೂ ವರ್ಷ ತುಂಬುವ ಮುನ್ನ ಕೊಡಲೇಬಾರದು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ಹಸು ಕರು ಹಾಕಿದರೆ ಅದರ ಮೊದಲ ಹಾಲಾದ ಗಿಣ್ಣನ್ನು ಕರುವಿಗೂ ಬಿಟ್ಟು, ಮನೆಮಂದಿಯೂ ತಿನ್ನುವ ನಾಡು ನಮ್ಮದು. ಆದರೂ ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿದ ಮನೆಗಳಿದ್ದವು. ಆ ತಪ್ಪನ್ನು ತಿದ್ದಲು ಮನೆಮನೆ ತಿರುಗಿದವರಲ್ಲಿ ಅಂಗನವಾಡಿಯ ಹೆಣ್ಣುಮಕ್ಕಳೂ ಇದ್ದಾರೆ. ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ತೆರೆದದ್ದು ನಮ್ಮ ಪಕ್ಕದ ತಿ. ನರಸೀಪುರದಲ್ಲಿ.

ಸರಿ ಕಾಯಿಸುವುದು ಹೇಗೆಂದು ಹಿರಿಯರನ್ನು ಕೇಳಿನೋಡಿ. ಮೊದಲು ತಣ್ಣೀರಲ್ಲಿ ಕದಡು, ಗಂಟು ಒಡೆದ ಮೇಲೆ ಒಲೆಗಿಡು, ಕೈ ಬಿಡದೆ ತಿರುವು. ಮೊದಲ ದಿನ ಎರಡೇ ಚಮಚ. ಮಾರನೆಯ ದಿನ ಕೂಸಿನ ಹೊಟ್ಟೆ ನೋಡಿ ಮೂರನೆಯದು.