ಹಳೇ ಜೀಪಿನ ಜಾತಕ

ಕೊಡಚಾದ್ರಿಯ ಬುಡದಲ್ಲಿ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ದಾರಿಯಲ್ಲಿ ಬಾಡಿಗೆಗೆ ನಿಂತ ಜೀಪುಗಳು ಹೊಸಬರ ಕಣ್ಣಿಗೆ ಎಲ್ಲವೂ ಒಂದೇ. ಪಳಗಿದವರಿಗೆ ಹಾಗಲ್ಲ. ಒಂದರ ಬಾನೆಟ್ಟು ಫೆಂಡರಿಗೆ ಹತ್ತಿರವಾಗಿ ತಗ್ಗಿರುತ್ತದೆ, ಇನ್ನೊಂದರದ್ದು ಗೇಣಿನಷ್ಟು ಎತ್ತರ. ಒಂದರ ಮುಖದ ಜಾಲರಿಯಲ್ಲಿ ಏಳು ಸೀಳು, ಅಪರೂಪಕ್ಕೊಮ್ಮೆ ಒಂಬತ್ತು. ಹಳೇ ಜೀಪಿನ ವ್ಯಾಪಾರ ಶುರುವಾಗುವುದೇ ಈ ಪ್ರಶ್ನೆಯಿಂದ: ‘ಲೋ ಬಾನೆಟ್ಟೋ, ಹೈ ಬಾನೆಟ್ಟೋ?’

ಎಪ್ಪತ್ತೆಂಬತ್ತು ವರ್ಷ ಓಡಿದ ಜೀಪಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿದೆ, ಆಮೇಲೆ ಸೇರಿದ್ದು ಯಾವ ಗಾಡಿಯದ್ದು ಎಂದು ನೋಡಿಯೇ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಗ್ಯಾರೇಜುಗಳಲ್ಲಿ, ಬೆಂಗಳೂರು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಕಾಫಿ ತೋಟದ ಶೆಡ್ಡುಗಳಲ್ಲಿ ಅವರು ಸಿಗುತ್ತಾರೆ. ಅವರ ಕಸುಬಿಗೆ ಸರ್ಟಿಫಿಕೇಟಿಲ್ಲ. ಆದರೆ ಜೀಪು ಕೊಳ್ಳುವವನ ಲಕ್ಷಾಂತರ ರೂಪಾಯಿ ಉಳಿಯುವುದೂ ಮುಳುಗುವುದೂ ಅವರ ಒಂದು ಮಾತಿನ ಮೇಲೆ. ಈ ತಿಳಿವಳಿಕೆಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ಕತೆ ಎರಡನೇ ಮಹಾಯುದ್ಧದಿಂದ ಶುರು. ಅಮೆರಿಕದ ಟೊಲೀಡೊ ನಗರದ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿ 1941ರಿಂದ 1945ರವರೆಗೆ ‘ಎಂಬಿ’ ಎಂಬ ಜೀಪನ್ನು ತಯಾರಿಸಿತು. ಸೈನ್ಯಕ್ಕೆ ಅದೊಂದೇ ಕಾರ್ಖಾನೆ ಸಾಲದಾದಾಗ ಅದೇ ನಕ್ಷೆಯ ಮೇಲೆ ಫೋರ್ಡ್ ಕಂಪನಿಯೂ ಕಟ್ಟಿತು. ಅದರ ಹೆಸರು ‘ಜಿಪಿಡಬ್ಲ್ಯು’. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಇಂಡಿಯಾದಲ್ಲಿ ಉಳಿದ ಜೀಪುಗಳು ಡಿಸ್ಪೋಸಲ್ಲಿನಲ್ಲಿ ಮಾರಾಟವಾಗಿ ಜನರ ಕೈಸೇರಿದವು. 1945ರಲ್ಲಿ ಲುಧಿಯಾನದಲ್ಲಿ ಮಹೀಂದ್ರ ಆಂಡ್ ಮೊಹಮ್ಮದ್ ಎಂದು ಹುಟ್ಟಿ, 1948ರಲ್ಲಿ ಮಹೀಂದ್ರ ಆಂಡ್ ಮಹೀಂದ್ರ ಆದ ಕಂಪನಿ 1947ರಲ್ಲೇ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿತ್ತು.

ಲೋ ಬಾನೆಟ್ ಎಂದರೆ ಯುದ್ಧಕಾಲದ ಎಂಬಿ, ಜಿಪಿಡಬ್ಲ್ಯು ಮತ್ತು ಅವುಗಳ ಬೆನ್ನಿಗೆ ಜನಬಳಕೆಗೆ ಬಂದ ಸಿಜೆ-2ಎ, ಸಿಜೆ-3ಎ. ಇವುಗಳ ಎಂಜಿನ್ನು ಎಲ್-ಹೆಡ್. ಎರಡು ಬಗೆಯ ವಾಲ್ವುಗಳೂ ಬ್ಲಾಕಿನ ಪಕ್ಕದಲ್ಲೇ ಇರುವುದರಿಂದ ಎಂಜಿನ್ ಗಿಡ್ಡ. 2.2 ಲೀಟರಿನ ಆ ಎಂಜಿನ್ನಿಗೆ 60 ಅಶ್ವಶಕ್ತಿ. 1950ರಲ್ಲಿ ವಿಲ್ಲಿಸ್ ಅದೇ ಅಳತೆಯ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವನ್ನು ತಲೆಯ ಮೇಲಕ್ಕೆ ಒಯ್ದು ‘ಹರಿಕೇನ್’ ಎಂದು ಹೆಸರಿಟ್ಟಿತು. ಶಕ್ತಿ ಹೆಚ್ಚಿತು, ಜೊತೆಗೆ ಎಂಜಿನ್ನಿನ ಎತ್ತರವೂ ಹೆಚ್ಚಿತು. ಹಳೇ ಬಾನೆಟ್ಟು ಮುಚ್ಚಲಿಲ್ಲ, ಎತ್ತರಿಸಿದರು. ಹಾಗೆ 1953ರಲ್ಲಿ ಹುಟ್ಟಿದ್ದು ಸಿಜೆ-3ಬಿ, ನಮ್ಮ ಹೈ ಬಾನೆಟ್. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಆ ಮುಖವನ್ನು ಮಹೀಂದ್ರ ಮುಂದೆಯೂ ಬಹುಕಾಲ ಉಳಿಸಿಕೊಂಡಿತು. ನಮ್ಮ ಪೊಲೀಸ್ ಠಾಣೆ, ಅರಣ್ಯ ಇಲಾಖೆ, ಬಿಡಿಒ ಆಫೀಸುಗಳ ನೆನಪಿನಲ್ಲಿರುವ ಜೀಪು ಇದೇ.

ಈಗ ಗುರುತು ಹಿಡಿಯುವ ಮಾತು. ಸಕಲೇಶಪುರದ ಗ್ಯಾರೇಜೊಂದರಲ್ಲಿ ಹುಡುಗನೊಬ್ಬ ಆಗಷ್ಟೇ ನೋಡಿಬಂದ ಲೋ ಬಾನೆಟ್ಟಿಗೆ ಅಡ್ವಾನ್ಸ್ ಕೊಡುವ ಮುಂಚೆ, ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ‘ಇದು ವರ್ಲ್ಡ್ ವಾರ್ ಜೀಪಂತೆ ಅಣ್ಣ, ಒಂದ್ಸಲ ನೋಡಿಬಿಡಿ’ ಎಂದ ಹುಡುಗ. ಅವರು ಬಾನೆಟ್ಟು ಎತ್ತಲಿಲ್ಲ. ಮೊದಲು ಜೀಪಿನ ಹಿಂದಕ್ಕೆ ಹೋದರು. ಹಿಂದೆ ಬಿಚ್ಚಿ ಇಳಿಸುವ ಬಾಗಿಲಿತ್ತು. ಯುದ್ಧದ ಜೀಪಿಗೆ ಆ ಬಾಗಿಲಿಲ್ಲ; ಹಿಂಬದಿ ಪೂರ್ತಿ ಮುಚ್ಚಿದ ತಗಡು, ಅದರ ಮೇಲೆ ಸ್ಟೆಪ್ನಿ ಚಕ್ರ ಮತ್ತು ಪೆಟ್ರೋಲಿನ ಕ್ಯಾನು. ಬಾಗಿಲು ಬಂದದ್ದು ಸಿಜೆ-2ಎಯಿಂದ, ಅದರಲ್ಲಿ ಸ್ಟೆಪ್ನಿ ಬಲಮಗ್ಗುಲಿಗೆ ಹೋಯಿತು. ಆಮೇಲೆ ಪೆಟ್ರೋಲ್ ಹಾಕುವ ಬಾಯಿ ನೋಡಿದರು. ಅದು ಬಾಡಿಯ ಹೊರಮಗ್ಗುಲಲ್ಲಿತ್ತು. ಯುದ್ಧದ ಜೀಪಿನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ಹಾಕಬೇಕಾದರೆ ಡ್ರೈವರ್ ಎದ್ದು ಸೀಟು ಎತ್ತಬೇಕು.

ಕೊನೆಗೆ ಅವರು ಮುಂದಿನ ಬಂಪರಿನ ಹತ್ತಿರ ಮಂಡಿಯೂರಿ, ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಉದ್ದುದ್ದ ಪಟ್ಟಿಗಳನ್ನು ಜೋಡಿಸುವ ಅಡ್ಡ ಭಾಗವನ್ನು ಕೈಯಿಂದ ಸವರಿದರು. ಅದು ಗುಂಡನೆಯ ಪೈಪಾದರೆ ವಿಲ್ಲಿಸ್. ಬೋರಲು ಹಾಕಿದ ತೊಟ್ಟಿಯಂತೆ ಚೌಕನೆಯ ಪಟ್ಟಿಯಾದರೆ ಫೋರ್ಡ್. ಇದು ಚೌಕ. ಸೀಮೆಎಣ್ಣೆಯ ಬಟ್ಟೆಯಲ್ಲಿ ಹತ್ತಿರದ ಬೋಲ್ಟಿನ ತಲೆ ಉಜ್ಜಿದಾಗ ಬಳ್ಳಿಯಂತೆ ಬಳುಕಿದ ಇಂಗ್ಲಿಷಿನ ಒಂದು ‘ಎಫ್’ ಕಂಡಿತು. ಫೋರ್ಡ್ ತಾನು ಮಾಡಿದ ಭಾಗಗಳಿಗೆ, ಬೋಲ್ಟುಗಳಿಗೆ ಕೂಡ ಆ ಅಕ್ಷರ ಒತ್ತುತ್ತಿತ್ತು. ‘ಚಾಸಿ ವಾರ್‌ದೇ ಕಣಪ್ಪ, ಫೋರ್ಡು. ಮೇಲಿನ ಬಾಡಿ ಆಮೇಲಿಂದು’ ಎಂದರು ಅವರು. ನೋಡಿ ಮುಗಿಸಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ.

ಇಂಥ ಗುರುತುಗಳು ಇನ್ನೂ ಇವೆ. 1942ರ ಆರಂಭದವರೆಗಿನ ಎಂಬಿಗಳ ಮುಖದಲ್ಲಿ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿ ಇತ್ತು. ಅದು ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಆಮೇಲೆ ಒಂದೇ ತಗಡನ್ನು ಒತ್ತಿ ಮಾಡಿದ ಒಂಬತ್ತು ಸೀಳಿನ ಜಾಲರಿ ಬಂತು. ಯುದ್ಧದ ಜೀಪಿನ ಹೆಡ್‌ಲೈಟು ಚಿಕ್ಕದು, ಜಾಲರಿಯಿಂದ ಸ್ವಲ್ಪ ಒಳಗೆ ಕೂತಿರುತ್ತದೆ. ರಾತ್ರಿ ಎಂಜಿನ್ ಕೆಟ್ಟರೆ ಅದನ್ನೇ ಹಿಂದಕ್ಕೆ ಮಗುಚಿ ಎಂಜಿನ್ ಮೇಲೆ ಬೆಳಕು ಬಿಡಬಹುದು. ಸಿಜೆಯಲ್ಲಿ ಲೈಟು ದೊಡ್ಡದಾಯಿತು, ಸೀಳು ಏಳಕ್ಕಿಳಿಯಿತು. ಎಂಬಿಯ ನಂಬರು ಮುಂದಿನ ಬಂಪರಿನ ಹಿಂದೆ ಎಡಗಡೆಯ ಚಾಸಿಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲಿರುತ್ತದೆ. ಜಿಪಿಡಬ್ಲ್ಯುವಿನದು ಚಾಸಿಯ ಮೇಲೆಯೇ ಒತ್ತಿದ್ದು. ತಗಡು ಕಳಚುವುದು ಸುಲಭ, ಬೇರೆ ತಗಡು ಹೊಡೆಯುವುದು ಇನ್ನೂ ಸುಲಭ. ಆದ್ದರಿಂದ ಎಂಬಿ ಎಂದು ಹೇಳಿ ಮಾರುವ ಕಡೆ ತಗಡನ್ನು ಕಡೆಗೆ ನಂಬಬೇಕು, ಅಡ್ಡಪೈಪನ್ನು ಮೊದಲು ನಂಬಬೇಕು. ಇನ್ನು ಸ್ಟೀರಿಂಗು: ಯುದ್ಧದ ಜೀಪುಗಳೆಲ್ಲ ಎಡಗಡೆ ಸ್ಟೀರಿಂಗಿನವು. ಇಲ್ಲಿಗೆ ಬಂದ ಮೇಲೆ ಅನೇಕವನ್ನು ಬಲಗಡೆಗೆ ಬದಲಾಯಿಸಿದರು. ಬಲಗಡೆ ಸ್ಟೀರಿಂಗಿನ ಎಂಬಿಯನ್ನು ಯಾರಾದರೂ ‘ಕಂಪನಿಯಿಂದ ಬಂದ ಹಾಗೇ ಇದೆ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಡೀಸೆಲ್ ಜೀಪುಗಳ ಲೆಕ್ಕ ಬೇರೆ. 1980ರ ದಶಕದಲ್ಲಿ ಮಹೀಂದ್ರ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ ತಂದಿತು. ಅದನ್ನು ಹೊತ್ತ ಎಂಎಂ 540 ಮಲೆನಾಡಿನಲ್ಲಿ ಮನೆಮಾತಾಯಿತು. ಎಂಬಿ, ಸಿಜೆ-3ಬಿಗಳ ವೀಲ್‌ಬೇಸ್ 80 ಇಂಚು, ಎಂಎಂ 540ರದು 91. ಒಂದು ಟೇಪು ಜೇಬಿನಲ್ಲಿದ್ದರೆ ಸಾಕು, ಅರ್ಧ ಸಂಶಯ ಅಲ್ಲೇ ಪರಿಹಾರ. ಉದ್ದನೆಯ ಚಾಸಿಯನ್ನು ಕತ್ತರಿಸಿ ಗಿಡ್ಡ ಮಾಡಿ ಲೋ ಬಾನೆಟ್ ಬಾಡಿ ಕೂರಿಸುವವರೂ ಇದ್ದಾರೆ; ಆಗ ಚಾಸಿಯ ನಡುವೆ ವೆಲ್ಡಿಂಗ್ ಗಾಯ ಉಳಿದೇ ಉಳಿಯುತ್ತದೆ. ಪಂಜಾಬ್, ಹರಿಯಾಣ, ರಾಜಸ್ಥಾನ ಕೂಡುವ ಕಡೆ ಇರುವ ಮಂಡಿ ಡಬ್ವಾಲಿ ಪಟ್ಟಣ ಹೊಸ ತಗಡಿನ ಬಾಡಿ, ಹಳೇ ಭಾಗ ಸೇರಿಸಿ ಜೀಪು ಕಟ್ಟುವುದಕ್ಕೇ ಹೆಸರಾಗಿದೆ. ಅಲ್ಲಿನ ಕೈಗಾರಿಕೆ ಅಸಾಧಾರಣ. ನೋಡಲು ಚೆಂದದ, ಗಟ್ಟಿಯಾದ ಗಾಡಿ ಕಟ್ಟುತ್ತಾರೆ. ಜೋಡಿಸಿದ ಜೀಪನ್ನು ಜೋಡಿಸಿದ್ದು ಎಂದೇ ಹೇಳಿ ಮಾರಿದರೆ ಅದರಲ್ಲಿ ಯಾವ ತಪ್ಪೂ ಇಲ್ಲ. ಅದಕ್ಕೆ 1944ರ ಕತೆ ಕಟ್ಟಿದಾಗ ಮಾತ್ರ ಅದು ಮೋಸ.

ಜೀಪು ಯಾವುದೆಂದು ಗೊತ್ತಾದ ಮೇಲೆ ಅದರ ಆರೋಗ್ಯ. ಬಾಡಿಗೆ ಸಣ್ಣ ಅಯಸ್ಕಾಂತ ಹಿಡಿಯಿರಿ. ಪುಟ್ಟಿ ಮೆತ್ತಿದ ಕಡೆ ಅಂಟುವುದಿಲ್ಲ. ಆದರೂ ಬಾಡಿಯ ತುಕ್ಕಿಗೆ ಹೆದರಬೇಕಿಲ್ಲ, ತಗಡು ಬದಲಾಯಿಸುವ ಟಿಂಕರ್ ಪ್ರತಿ ಊರಲ್ಲೂ ಇದ್ದಾರೆ. ಹೆದರಬೇಕಾದದ್ದು ಚಾಸಿಯ ಬಿರುಕಿಗೆ, ಅದರಲ್ಲೂ ಸ್ಪ್ರಿಂಗ್ ಪ್ಲೇಟು ನೇತಾಡುವ ಕಡೆ, ಸ್ಟೀರಿಂಗ್ ಬಾಕ್ಸು ಕೂತ ಕಡೆ. ಮುಂದಿನ ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್ ಪಿನ್ ಸವೆದಿದೆಯೇ ಗೊತ್ತಾಗುತ್ತದೆ. ಚಕ್ರದ ಒಳಗಿನ ಗುಂಡನೆಯ ಹೌಸಿಂಗಿನಿಂದ ಎಣ್ಣೆ ಸೋರುತ್ತಿದ್ದರೆ ಸೀಲು ಹೋಗಿದೆ. ಚಕ್ರ ಬಿಚ್ಚುವಾಗ ಒಂದು ಎಚ್ಚರ: ಹಳೇ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟಿಗೆ ಉಲ್ಟಾ ತ್ರೆಡ್. ಗೊತ್ತಿಲ್ಲದೆ ಎಂದಿನಂತೆ ತಿರುಗಿಸಿದರೆ ಬಿಗಿಯಾಗುತ್ತಾ ಹೋಗಿ ಸ್ಟಡ್ಡೇ ಮುರಿಯುತ್ತದೆ.

ಅತಿ ಮುಖ್ಯವಾದದ್ದು ಫೋರ್ ವೀಲ್. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಟ್ಟು ವರ್ಷಗಟ್ಟಲೆ ಓಡಿಸಿದ ಜೀಪುಗಳಿವೆ. ಒಳಗೆ ಲಿವರು ಇದ್ದಲ್ಲೇ ಇರುತ್ತದೆ, ಎಳೆದರೆ ಬೀಳುತ್ತದೆ, ಚಕ್ರಕ್ಕೆ ಮಾತ್ರ ಏನೂ ತಲುಪುವುದಿಲ್ಲ. ಆದ್ದರಿಂದ ಜೀಪಿನ ಕೆಳಗೆ ಮಲಗಿ ನೋಡದೆ ಒಪ್ಪಿಕೊಳ್ಳಬಾರದು. ಶಾಫ್ಟ್ ಇದ್ದರೆ ಕೆಸರು ಅಥವಾ ಸಡಿಲ ಜಲ್ಲಿಯ ಏರಿನಲ್ಲಿ ಲೋ ಗೇರು ಹಾಕಿ ಹತ್ತಿಸಿ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿ ಮುಂದಿನ ಚಕ್ರ ನೆಲ ಕೆರೆಯುತ್ತದೆಯೇ ನೋಡಿಸಿ. ಒಣಗಿದ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಸುತ್ತುವುದು ಬೇಡ. ಮುಂದಿನ ಹಿಂದಿನ ಚಕ್ರಗಳ ನಡುವೆ ವ್ಯತ್ಯಾಸ ತಾಳಿಕೊಳ್ಳುವ ಡಿಫರೆನ್ಶಿಯಲ್ ಈ ಜೀಪುಗಳಲ್ಲಿಲ್ಲ, ತಿರುವಿನಲ್ಲಿ ಭಾಗಗಳೆಲ್ಲ ಬಿಗಿದುಕೊಳ್ಳುತ್ತವೆ.

ಜೀಪಿನ ಜೊತೆಗೇ ಹೆಸರಿಸಬೇಕಾದ ಇನ್ನೊಂದು ಗಾಡಿ ಜೊಂಗ. ನಿಸಾನ್ ಪ್ಯಾಟ್ರೋಲ್ ಗಾಡಿಯ ಮಾದರಿಯಲ್ಲಿ ಜಬಲ್‌ಪುರದ ಕಾರ್ಖಾನೆ ಸೈನ್ಯಕ್ಕೆಂದು ಕಟ್ಟಿದ್ದು, ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರ್ ಎಂಜಿನ್ನಿನದು. ಸೈನ್ಯದ ಹರಾಜಿನಲ್ಲಿ ಹೊರಬಂದ ಜೊಂಗಗಳ ಪೆಟ್ರೋಲಿನ ದಾಹ ತಾಳದೆ ಜನ ಡೀಸೆಲ್ ಎಂಜಿನ್ ಹಾಕಿಸಿದರು. ಹರಾಜಿನ ಗಾಡಿ ಕೊಳ್ಳುವವರು ಮಾರಾಟದ ಮೂಲ ಪತ್ರ ಕೈಗೆ ಬಾರದೆ ಹಣ ಕೊಡಬಾರದು.

ಕಾಗದಪತ್ರದ ಮಾತು ನೀರಸ ಎನಿಸಬಹುದು, ಆದರೆ ಹಳೇ ಜೀಪು ಕೊಂಡು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಸುಟ್ಟುಕೊಂಡದ್ದು ಇಲ್ಲೇ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ನಂಬರಿನೊಂದಿಗೆ ಕಣ್ಣಿಂದ ಹೋಲಿಸಿದರೆ ಸಾಲದು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಂಕಿಗಳ ನಡುವಿನ ಅಂತರ ಒಂದೇ ಸಮ ಇದೆಯೇ, ಸುತ್ತ ಗ್ರೈಂಡರ್ ಆಡಿಸಿದ ಗೆರೆ ಇದೆಯೇ ಎಂಬುದನ್ನು ಆ ಅಚ್ಚು ಬಯಲುಮಾಡುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ‘ಎಫ್‌ಸಿ ಒಂದು ಬಾಕಿ ಇದೆ, ಆಗುತ್ತೆ ಸಾರ್’ ಎನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯ ರೂಪ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಎಂಜಿನ್ ಬದಲಾಗಿದ್ದರೆ ಅದು ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನ ಕೆಳಗೆ ಡೀಸೆಲ್ ಆದರೆ ಆ ಜೀಪಿಗೆ ಎಷ್ಟು ಚೆಂದದ ಬಣ್ಣ ಹೊಡೆದಿದ್ದರೂ ಬಿಟ್ಟುಬಿಡುವುದೇ ಕ್ಷೇಮ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ಈ ವ್ಯಾಪಾರದ ತೂಕವನ್ನೇ ಬದಲಿಸಿತು. 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಷರತ್ತುಗಳಲ್ಲಿ ದೊಡ್ಡದು ಇದು: ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಇರಬೇಕು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದನ್ನು ಬಳಸುವಂತಿಲ್ಲ. ಹಿಂದೆ ಗುಜರಿಗೆ ಹೋಗುತ್ತಿದ್ದ ಎಲ್-ಹೆಡ್ ಎಂಜಿನ್ನು, ಒಂಬತ್ತು ಸೀಳಿನ ಜಾಲರಿ, ‘ಎಫ್’ ಒತ್ತಿದ ಬೋಲ್ಟುಗಳನ್ನು ತೋಟದ ಶೆಡ್ಡುಗಳಲ್ಲಿ ಹುಡುಕಿಕೊಂಡು ಬರುವವರಿಗೆ ಈ ನಿಯಮ ಇನ್ನೊಂದು ಕಾರಣ ಕೊಟ್ಟಿದೆ.

ಮಾರುವವರಿಗೆ ನನ್ನ ಬಲವಾದ ಒತ್ತಾಯ ಇದು: ನಿಮ್ಮ ಜೀಪಿನ ಯಾವ ಭಾಗ ಯಾವುದೆಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಚಾಸಿ ಜಿಪಿಡಬ್ಲ್ಯು, ಬಾಡಿ ಸಿಜೆ-2ಎ, ಗೇರ್‌ಬಾಕ್ಸು ಆಮೇಲೆ ಹಾಕಿಸಿದ್ದು, ವೈರಿಂಗು 6 ವೋಲ್ಟಿನಿಂದ 12ಕ್ಕೆ ಬದಲಿಸಿದ್ದು, ಹೀಗೆ. ಹಾಗೆ ಬರೆದುಕೊಟ್ಟರೆ ಬೆಲೆ ಇಳಿಯುತ್ತದೆ ಎಂಬ ಭಯ ಬೇಡ. ತಿಳಿದವರು ಹಾಳೆ ಇದ್ದ ಜೀಪಿಗೆ ಚೌಕಾಸಿ ಕಡಿಮೆ ಮಾಡುತ್ತಾರೆ, ಏಕೆಂದರೆ ತಾವೇ ಅಗೆದು ಕಂಡುಕೊಳ್ಳಬೇಕಾದ ಕೆಲಸ ಅವರಿಗೆ ತಪ್ಪುತ್ತದೆ. ಕಳಚಿದ ಹಳೇ ಕಾರ್ಬ್ಯುರೇಟರು, ಮೀಟರು, ಲೈಟುಗಳನ್ನು ತೂಕಕ್ಕೆ ಹಾಕದೆ ಡಬ್ಬದಲ್ಲಿ ಜೀಪಿನ ಜೊತೆಗೇ ಕಳಿಸಿ. ಮುಂದಿನವರು ಅದನ್ನು ಮತ್ತೆ ಮೂಲರೂಪಕ್ಕೆ ತರಬೇಕೆಂದರೆ ಆ ಡಬ್ಬವೇ ಬೇಕು.

ಇನ್ನು, ಹಣ ಕೈಗೆ ಬಂತು, ಕೀಲಿ ಕೊಟ್ಟೆ ಎಂದರೆ ಮಾರಾಟ ಮುಗಿಯಲಿಲ್ಲ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಫಾರಂ 29, ಕೊಂಡವರು 30 ದಿನದೊಳಗೆ ಫಾರಂ 30 ಕೊಡಬೇಕು; ಹೊರರಾಜ್ಯಕ್ಕಾದರೆ ಎನ್‌ಒಸಿಗೆ ಫಾರಂ 28. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೇ ಮಾಲೀಕರ ತಲೆಯ ಮೇಲೇ ಇರುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈಯಿಂದ ಕೈಗೆ ನಾಲ್ಕಾರು ಸಲ ಹೋಗಿಯೂ ಆರ್‌ಸಿ ಮೊದಲಿನವರ ಹೆಸರಲ್ಲೇ ಇರುವ ಜೀಪುಗಳು ಮಲೆನಾಡಿನಲ್ಲಿ ಹೇರಳ. ಅಂಥದನ್ನು ಕೊಳ್ಳುವ ಮುಂಚೆ ಆ ಮೊದಲಿನ ಮಾಲೀಕರ ಮನೆಗೆ ಹೋಗಿ ಸಹಿ ಸಿಗುತ್ತದೆಯೇ ಕೇಳಿ. ಅವರು ತೀರಿಕೊಂಡಿದ್ದರೆ ವಾರಸುದಾರರನ್ನು ಕಂಡು, ಅವರ ಹೆಸರಿಗೆ ಖಾತೆಯಾದ ಮೇಲಷ್ಟೇ ವ್ಯವಹಾರ ಮುಂದುವರಿಸಿ. ಅಡ್ವಾನ್ಸ್ ಕೊಡುವುದೂ ಅದಾದ ಮೇಲೆಯೇ.