ಎಂ.ಎಸ್. ಕಾಯಿಲೆ: ವರ್ಷಗಳಿಂದ ಸೇವಿಸುತ್ತಿರುವ ಔಷಧಿ ನಿಲ್ಲಿಸಬಹುದೇ?

ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂ.ಎಸ್. ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳುವುದು ಮನೆಯವರೊಬ್ಬರಿಗೆ ಅದು ಬಂದಾಗಲೇ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ಶಕ್ತಿಯೇ ಇಲ್ಲಿ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ಎರಗುತ್ತದೆ. ಕರೆಂಟ್ ವಯರಿನ ಮೇಲಿನ ರಬ್ಬರ್ ಕಿತ್ತುಹೋದ ಹಾಗೆ. ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ತೂರಾಡುವಂತಾಗುತ್ತದೆ. ಕೆಲವು ವಾರಗಳಲ್ಲಿ ಕಡಿಮೆಯಾಗಿ, ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮರುಕಳಿಸುವುದು ಇದರ ಸಾಮಾನ್ಯ ರೀತಿ.

ಈಗಿರುವ ಔಷಧಿಗಳು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಹೊಸ ದಾಳಿಗಳನ್ನು ತಗ್ಗಿಸುತ್ತವೆ ಅಷ್ಟೇ. ಐದಾರು ವರ್ಷ ಏನೂ ಆಗದಿದ್ದರೆ ಅದು ಔಷಧಿಯ ಫಲವೋ, ರೋಗವೇ ತಣ್ಣಗಾಗಿದೆಯೋ? ರೋಗಿಯನ್ನು ನೋಡಿ ಹೇಳುವುದು ಕಷ್ಟ. ಔಷಧಿಯ ಬೆಲೆ, ಚುಚ್ಚುಮದ್ದಿನ ಕಿರಿಕಿರಿ, ವಯಸ್ಸಾದಂತೆ ಸೋಂಕು ತಗಲುವ ಭಯ ಎಲ್ಲವೂ ಇರುವಾಗ ನಿಲ್ಲಿಸೋಣ ಎನ್ನಿಸುವುದು ಸಹಜ.

ಅಮೆರಿಕದ ವೈದ್ಯರು ಇದನ್ನೇ ಪರೀಕ್ಷಿಸಿದರು. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚು, ಐದು ವರ್ಷಗಳಿಂದ ರೋಗ ಮರುಕಳಿಸಿಲ್ಲ, ಮೂರು ವರ್ಷಗಳಿಂದ ಎಂ.ಆರ್.ಐ.ಯಲ್ಲಿ ಹೊಸ ಕಲೆಯಿಲ್ಲ. ಇಂಥ 259 ಮಂದಿಯನ್ನು ಎರಡು ಗುಂಪು ಮಾಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷಗಳಲ್ಲಿ ಔಷಧಿ ಮುಂದುವರಿಸಿದ 128 ಮಂದಿಯಲ್ಲಿ 6 ಮಂದಿಗೆ, ನಿಲ್ಲಿಸಿದ 131 ಮಂದಿಯಲ್ಲಿ 16 ಮಂದಿಗೆ ರೋಗ ಮತ್ತೆ ತಲೆಯೆತ್ತಿತು. ಹೆಚ್ಚಿನವರಲ್ಲಿ ಕಂಡದ್ದು ಎಂ.ಆರ್.ಐ.ಯಲ್ಲಿನ ಕಲೆ ಮಾತ್ರ. ನೆದರ್ಲ್ಯಾಂಡ್ಸ್‌ನ ಪ್ರಯೋಗದಲ್ಲಿ 55ರ ಮಿತಿ ಇರಲಿಲ್ಲ. ಅಲ್ಲಿ ಔಷಧಿ ನಿಲ್ಲಿಸಿದ 45 ಮಂದಿಯಲ್ಲಿ 8 ಮಂದಿಗೆ ರೋಗ ಗಮನಾರ್ಹವಾಗಿ ಮರಳಿತು, ಮುಂದುವರಿಸಿದ 44 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಆ ಪ್ರಯೋಗವನ್ನು ಅವಧಿಗೆ ಮುಂಚೆಯೇ ಕೈಬಿಟ್ಟರು.

ಅಂದರೆ ಅರವತ್ತು ದಾಟಿದ, ವರ್ಷಗಳಿಂದ ಸ್ಥಿರವಾಗಿರುವ ಹಿರಿಯರು ನರರೋಗ ತಜ್ಞರ ಮುಂದೆ ಈ ಮಾತೆತ್ತಬಹುದು, ಎತ್ತಲೇಬೇಕು ಎನ್ನುತ್ತೇವೆ. ಮೂವತ್ತರ ಯುವತಿಗೆ ಇದೇ ಲೆಕ್ಕ ಅನ್ವಯಿಸದು. ಗರ್ಭಧಾರಣೆಯ ಯೋಚನೆಯಿದ್ದರೆ ಆಕೆ ಮೊದಲೇ ವೈದ್ಯರಿಗೆ ತಿಳಿಸಲಿ, ಕೆಲವು ಔಷಧಿ ಬದಲಿಸಬೇಕಾಗುತ್ತದೆ.

ಔಷಧಿ ಯಾವುದೆಂಬುದೂ ಮುಖ್ಯ. ನಟಾಲಿಝುಮಾಬ್, ಫಿಂಗೋಲಿಮಾಡ್ ಇವೆರಡನ್ನು ಥಟ್ಟನೆ ಬಿಟ್ಟರೆ ಕೆಲವರಲ್ಲಿ ರೋಗ ಮೊದಲಿಗಿಂತಲೂ ಜೋರಾಗಿ ಮರಳುತ್ತದೆ. ಫಿಂಗೋಲಿಮಾಡ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ರಮಝಾನ್ ಬಂತೆಂದು ಗುಳಿಗೆ ಬಿಡುವವರು ಇದನ್ನು ಗಮನಿಸಬೇಕು. ರೋಗಿಗೆ ಉಪವಾಸದಿಂದ ರಿಯಾಯಿತಿಯಿದೆ. ಉಪವಾಸ ಹಿಡಿಯಲೇಬೇಕೆನ್ನುವವರು ಗುಳಿಗೆಯನ್ನು ಇಫ್ತಾರ್ ಅಥವಾ ಸಹರಿ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಮುಂಚಿತವಾಗಿ ಕೇಳಲಿ.

ವೈದ್ಯರೇ ಒಪ್ಪಿ ನಿಲ್ಲಿಸಿದರೆ ಅದಕ್ಕೆ ಮೊದಲೊಂದು, ಕೆಲವು ತಿಂಗಳ ನಂತರ ಇನ್ನೊಂದು ಎಂ.ಆರ್.ಐ. ಮಾಡಿಸಿಕೊಳ್ಳಬೇಕು. ಆ ನಡುವೆ ಕಣ್ಣು ಮಂಜಾಗುವುದು, ಜೋಮು ಅಥವಾ ನಡಿಗೆಯಲ್ಲಿ ಹೊಸ ತೊಂದರೆ ಒಂದು ದಿನಕ್ಕಿಂತ ಹೆಚ್ಚು ಮುಂದುವರಿದರೆ ಮುಂದಿನ ಭೇಟಿಯ ತಾರೀಕಿಗೆ ಕಾಯದೆ ತಜ್ಞರನ್ನು ಕಾಣಬೇಕು.